ಚಂದಾ ಕರೆದದ್ದು ಯಾರನ್ನು?

ನವೆಂಬರ್ ೧೬, ಭಾನುವಾರ, ರಂಗಂಪೇಟೆ

ಇನ್ನು ಮುಂದೆ ಮಕ್ಕಳ ಜಡೆ ಬಿಗಿಯಾಗಿ ಹಾಕಬಾರದು. ಅಣ್ಣನ ಮಗಳು ಚಂದಾ ಮೊನ್ನೆಯಷ್ಟೇ ಜಾಂಬಿಯಾದಿಂದ ಬಂದಿದ್ದಾಳೆ. ಬೆಂಬಾ ಬಿಟ್ಟರೆ ಬೇರೆ ಭಾಷೆ ಬಾರದು. ಸಂಜೆ ನಾನು ಜಡೆ ಹಾಕಿದ್ದೇ ತಡ, ‘ಉಮುತ್ವೆ, ಉಮುತ್ವೆ’ ಎಂದು ಒಂದೇ ಅಳು. ಅಪ್ಪ ಹಿಗ್ಗಿಹೋದ.

“ಮೊಮ್ಮಗಳು ಮುತ್ಯಾ ಅನ್ನಾಕತ್ತಾಳ, ನನ್ನೇ ಕರ್ಯಾಕತ್ತಾಳ!”

ಎತ್ತಿಕೊಂಡು ಅಂಗಳವೆಲ್ಲ ಸುತ್ತಿದ. ಅಳು ಇನ್ನೂ ಜೋರಾಯಿತು. ಅವಳ ತಾಯಿ, ನಮ್ಮ ವೈನಿ, ಓಡಿಬಂದು ಜಡೆ ಬಿಚ್ಚಿ ನಕ್ಕಳು. ಬೆಂಬಾದಲ್ಲಿ ಉಮುತ್ವೆ ಅಂದರೆ ತಲೆಯಂತೆ. ಪಾಪ, ಕೂಸಿಗೆ ತಲೆ ನೋಯುತ್ತಿತ್ತು.

“ಹಂಗಾದ್ರ ನನ್ನ ಕರದಿಲ್ಲೇನು?” ಅಪ್ಪನ ಮುಖ ಸಣ್ಣದಾಯಿತು. ನನಗೆ ಈಗಲೂ ನಗು ತಡೆಯಲಾಗುತ್ತಿಲ್ಲ.

ಊಟವಾದ ಮೇಲೆ ಚಂದಾ ಅವನ ತೊಡೆ ಏರಿ, ಬೋಳುತಲೆ ತಟ್ಟಿ, ‘ಉಮುತ್ವೆ’ ಎಂದಳು.

ಎಲ್ಲ ಗೊತ್ತಿದ್ದೂ ಅಪ್ಪ “ಓ” ಎಂದ.