ಕಲೆ ಬಿದ್ದ ರೊಟ್ಟಿ

ಜೂನ್ 7, ಶನಿವಾರ

ಮೊದಲನೆಯದಕ್ಕೆ ಮತ್ತೆ ಕಲೆ ಬಿತ್ತು. ತವಾ ಹೆಚ್ಚು ಕಾದಿತ್ತು. ಎರಡನೆಯದು ಸರಿಯಾಗಿ ಬಂತು — ದುಂಡಗೆ, ಎಲ್ಲೂ ಉಬ್ಬದೆ. ಬಿಳಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದೆ. ನಾಳೆ ಸಭೆಯಲ್ಲಿ ಕರ್ತನ ಮೇಜಿಗೆ, ಯೇಸುವಿನ ನೆನಪಿಗೆ ಎಲ್ಲರೂ ಮುರಿದು ತಿನ್ನಲು. ಗೋಧಿ ಹಿಟ್ಟು, ನೀರು, ಸ್ವಲ್ಪ ಎಣ್ಣೆ. ಹುಳಿ ಇಲ್ಲ, ಉಪ್ಪಿಲ್ಲ. ಮೇಜಿಗೆ ಹೋಗುವ ರೊಟ್ಟಿಗೆ ಕಲೆ ಇರಬಾರದೆಂಬುದು ನಮ್ಮ ಸಭೆಯ ವಾಡಿಕೆ. ಎಲ್ಲಿ ಬರೆದಿದೆ ಎಂದು ಕೇಳಿಲ್ಲ. ಕೇಳುವವಳಲ್ಲ ನಾನು.

ಕಲೆ ಬಿದ್ದದ್ದು ಅತ್ತೆಗೆ. ಕಿಡ್ನಿ ಕೈಕೊಟ್ಟ ಮೇಲೆ ಉಪ್ಪು ಬಿಟ್ಟಿದ್ದಾರೆ, ಹಣ್ಣು ಬಿಟ್ಟಿದ್ದಾರೆ, ನೀರನ್ನೂ ಅಳೆದು ಕುಡಿಯುತ್ತಾರೆ. ಇದೊಂದಕ್ಕೆ ಡಾಕ್ಟರ ತಡೆಯಿಲ್ಲ. ಶನಿವಾರ ಸಂಜೆ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕಾಯುತ್ತಾರೆ. ‘ನನ್ನ ಪಾಲು ತಾರವಾ’ ಎನ್ನುತ್ತಾರೆ.

ಜೂನ್ 8, ಭಾನುವಾರ

ಉಲ್ಲಾಳದಿಂದ ಬ್ಯಾಡರಹಳ್ಳಿಗೆ ಆಟೋ. ಸಭೆ ಮಹಡಿಯ ಮೇಲೆ, ಅದನ್ನು ನಡೆಸುವ ಕಾಂತರಾಜು ಬ್ರದರ್ ಮನೆಯಲ್ಲಿ. ಅತ್ತೆ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತರು.

ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಆಗದವರಿಗೆ ರೊಟ್ಟಿಯಿಲ್ಲ, ಅವರು ಹಿಂದಿನ ಬೆಂಚಿನಲ್ಲಿ ಕೂರಬೇಕು. ಅತ್ತೆಗೆ ಮಾತ್ರ ವಿನಾಯಿತಿ — ಆಸರೆಗೆ ನಾನು ಬೇಕು, ಅದಕ್ಕೆ ನನ್ನ ಪಕ್ಕದ ಕುರ್ಚಿ. ರೊಟ್ಟಿಯ ತಟ್ಟೆ ಕೈಯಿಂದ ಕೈಗೆ ಬರುತ್ತದೆ. ನಾನು ಮುರಿದುಕೊಂಡು, ಅತ್ತೆಯ ಮಡಿಲ ಮೇಲಿಂದ ಕೈ ಚಾಚಿ ಆಚೆಯವರಿಗೆ ಕೊಡುತ್ತೇನೆ. ಪ್ರತಿ ವಾರ ಹೀಗೆಯೇ. ಪ್ರತಿ ವಾರ ಅತ್ತೆಯ ಕಣ್ಣು ತಟ್ಟೆಯ ಜೊತೆಗೇ ಹೋಗುತ್ತದೆ. ಇವತ್ತು ಅವರ ಕೈ ಸೆರಗಿನಿಂದ ಸ್ವಲ್ಪ ಹೊರಗೆ ಬಂತು. ಮತ್ತೆ ಒಳಗೆ ಹೋಯಿತು.

ಅತ್ತೆ ಮುಂಡರಗಿಯ ಹತ್ತಿರದ ಹಳ್ಳಿಯಿಂದ ಕಾಯಿಲೆಗೆಂದು ಇಲ್ಲಿಗೆ ಬಂದವರು. ಭಾನುವಾರ ಮನೆಯಲ್ಲಿ ಒಬ್ಬರನ್ನೇ ಬಿಡಲಾಗದೆ ಕರೆದುಕೊಂಡು ಹೋಗುತ್ತಿದ್ದೆ. ಕಳೆದ ವರ್ಷ ಒಂದು ದಿನ, ಸೊಪ್ಪು ಬಿಡಿಸುತ್ತಾ, ‘ನಾನೂ ನಂಬೀನಿ’ ಎಂದರು. ಅಷ್ಟೇ. ಸೊಪ್ಪು ಬಿಡಿಸುವುದನ್ನು ಮುಂದುವರಿಸಿದರು.

ಜೂನ್ 9, ಸೋಮವಾರ

ಡಯಾಲಿಸಿಸ್. ಸ್ಕೂಲ್ ಆಫೀಸಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿದೆ. ಅತ್ತೆಯ ಕೈಯಲ್ಲಿ ಮೆಷಿನ್ ಸೂಜಿಗೆಂದು ರಕ್ತನಾಳ ಜೋಡಿಸಿದ್ದಾರೆ, ಅದು ಇನ್ನೂ ಬಲಿತಿಲ್ಲ. ಅಲ್ಲಿಯವರೆಗೆ ಕುತ್ತಿಗೆಯ ಹತ್ತಿರ ಹಾಕಿರುವ ಪೈಪೇ ಗತಿ. ಟೆಕ್ನಿಷಿಯನ್ ಮಹೇಶ್ ಪಟ್ಟಿ ಬದಲಾಯಿಸುತ್ತಾ ಎಂದಿನ ಎಚ್ಚರಿಕೆ ಹೇಳಿದ: ತಲೆಸ್ನಾನ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಪೈಪಿಗೆ ನೀರು ತಾಗಿದರೆ ಇನ್ಫೆಕ್ಷನ್ ನೇರ ರಕ್ತಕ್ಕೆ.

ಪಕ್ಕದ ಕುರ್ಚಿಯಲ್ಲಿ ಕೂತು ಲೈಬ್ರರಿಯ ಪುಸ್ತಕ ಓದಿದೆ. ಅನುವಾದದ ಕಾದಂಬರಿ. ಹಿಮ ಬೀಳುವ ಊರು. ಬಹಳ ಪುಟಗಳಿಂದ ಯಾರೂ ಮನೆಯಿಂದ ಹೊರಬಿದ್ದಿಲ್ಲ. ಹೇಳಬೇಕಾದ್ದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಹಿತವಾಗಿದೆ.

ಜೂನ್ 15, ಭಾನುವಾರ

ಕೂಟ ಮುಗಿದ ಮೇಲೆ ಅತ್ತೆ ನೇರವಾಗಿ ಕಾಂತರಾಜು ಬ್ರದರ್ ಹತ್ತಿರ ಹೋಗಿ ಕೇಳಿಬಿಟ್ಟರು, ನನಗೆ ಯಾವಾಗ ಎಂದು. ಅವರು ಕುರ್ಚಿ ಎಳೆದುಕೊಂಡು ಅತ್ತೆಯ ಎದುರೇ ಕೂತರು. ಒಳ್ಳೆಯ ಮನುಷ್ಯ. ತಂದೆಯ ಜಮೀನು ಭಾಗವಾದಾಗ ಯೇಸುವನ್ನು ನಂಬಿದ ಕಾರಣಕ್ಕೆ ಅಣ್ಣತಮ್ಮಂದಿರಿಂದ ಬೈಸಿಕೊಂಡವರು, ಹುಟ್ಟಿನ ಹೆಸರನ್ನು ಮಾತ್ರ ಬದಲಿಸಿಕೊಂಡಿಲ್ಲ.

‘ಅಮ್ಮಾ, ಮೊದ್ಲು ಸ್ನಾನ, ಆಮೇಲೆ ಮೇಜು. ಕೈ ಸರಿಹೋಗ್ಲಿ, ಪೈಪ್ ತೆಗೀಲಿ. ಮೇಲೆ ಟೆರೇಸಲ್ಲಿ ತೊಟ್ಟಿ ಇದೆ, ನಾನೇ ಕೈ ಹಿಡಿದು ಇಳಿಸ್ತೀನಿ.’

ತಲೆಯ ಮೇಲೆ ನಾಲ್ಕು ಹನಿ ಚಿಮುಕಿಸಿದರೆ ಸಾಲದೇ ಎಂದು ನಾನು ಕೇಳಿದೆ. ಇವತ್ತು ಒಬ್ಬರಿಗೆ ಸಡಿಲ ಬಿಟ್ಟರೆ ನಾಳೆ ಯಾವುದೂ ಉಳಿಯುವುದಿಲ್ಲ ಸಿಸ್ಟರ್ ಎಂದರು. ಆಟೋದಲ್ಲಿ ಯೋಚಿಸಿದೆ. ಸರಿಯೆನಿಸಿತು. ಅಳತೆ ಇಲ್ಲದಿದ್ದರೆ ನನಗೆ ಯಾವುದೂ ಹಿಡಿತಕ್ಕೆ ಸಿಗುವುದಿಲ್ಲ.

ಜೂನ್ 20, ಶುಕ್ರವಾರ

ಅತ್ತೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಉಪವಾಸ ಅಂತೆ. ಸಭೆಯ ಹೆಂಗಸರು ಶುಕ್ರವಾರ ಮಾಡುತ್ತಾರಲ್ಲ, ಅದಕ್ಕೆ. ಕೈಯಲ್ಲಿದ್ದ ಬಳೆಗಳೂ ಇಲ್ಲ, ಒಡವೆ ತೊಡದ ಸಭೆಯ ಹೆಂಗಸರ ಹಾಗೆ ತೆಗೆದು ಡಬ್ಬಿಗೆ ಹಾಕಿದ್ದಾರೆ. ಇನ್ನೇನು ಕಡಿಮೆ ಬಿದ್ದಿದೆ ಹೇಳು ಎಂದು ನನ್ನನ್ನೇ ಕೇಳಿದರು.

ಬಾಳೇಶ ಡ್ಯೂಟಿ ಮುಗಿಸಿ ಪೀಣ್ಯದಿಂದ ಬಂದವನು ನೋಡಿ ರೇಗಿದ. ಅವನು ಸಭೆಗೆ ಬರುವುದಿಲ್ಲ. ಮದುವೆಯಾದಾಗಿನಿಂದ ನನ್ನನ್ನು ತಡೆದೂ ಇಲ್ಲ. ಜೋಳದ ರೊಟ್ಟಿ ಮುರಿದು ಅವ್ವನ ತಟ್ಟೆಗೆ ತಾನೇ ಹಾಕಿದ.

‘ಅವರ ರೊಟ್ಟಿ ಕೊಡೂದಿಲ್ಲಂದ್ರ ಬಿಡಬೇ. ನಮ್ಮ ರೊಟ್ಟಿಗೇನ್ ರೋಗ ಬಂದೈತಿ? ಇದನ್ನ ತಿನ್ನಾಕ ಯಾವ ಕೆರಿಗೂ ಬೀಳೂದ ಬ್ಯಾಡ.’

ಅತ್ತೆ ನಕ್ಕು ತಿಂದರು. ಆದರೆ ಬಳೆ ಹಾಕಿಕೊಳ್ಳಲಿಲ್ಲ.

ಜೂನ್ 22, ಭಾನುವಾರ

ಇವತ್ತಿನ ಸಂದೇಶ ಶಿಲುಬೆಯ ಮೇಲಿನ ಕಳ್ಳನ ಬಗ್ಗೆ. ಯೇಸುವಿನ ಪಕ್ಕದಲ್ಲಿ ಸಾಯುತ್ತಿದ್ದವನು. ಒಂದೂ ಒಳ್ಳೆಯ ಕೆಲಸ ಮಾಡದೆ, ಕೇಳಿದ್ದಕ್ಕೇ ಪರದೈಸನ್ನು, ಸ್ವರ್ಗವನ್ನೇ, ಪಡೆದವನು. ಕೃಪೆ ಅಂದರೆ ಇದು ಎಂದರು ಕಾಂತರಾಜು ಬ್ರದರ್. ಅದಾದ ಮೇಲೆ ತಟ್ಟೆ ಬಂತು. ನಾನು ಅತ್ತೆಯ ಮೇಲಿಂದ ಕೈ ಚಾಚಿದೆ.

ಮನೆಗೆ ಬಂದು ಕೇಳಿದೆ, ಆ ಕಳ್ಳನಿಗೂ ಸ್ನಾನ ಆಗಿರಲಿಲ್ಲ ಅಲ್ಲವೆ ಅತ್ತೆ ಎಂದು. ಸಮಾಧಾನಕ್ಕೆ ಹೇಳಿದ್ದು. ಅವರು ಅದನ್ನು ಬೇರೆ ಕಡೆಯಿಂದ ನೋಡಿದರು.

‘ಅಂವಗ ಪುರಸೊತ್ತ ಇರಲಿಲ್ಲ. ನಂಗ ಐತಲ್ಲವಾ.’

ಜೂನ್ 26, ಗುರುವಾರ

ಡಯಾಲಿಸಿಸ್. ಮೆಷಿನ್ ನಡೆಯುತ್ತಿರುವಾಗ ಅತ್ತೆ ಕೇಳಿದರು: ಸ್ನಾನ ಅಂದರೆ ಬರೀ ಮೈಯೋ, ತಲೆಯೂ ಮುಳುಗಬೇಕೋ? ತಲೆಯೂ ಎಂದೆ. ಪೂರ್ತಿ. ಏನು ಹೇಳುತ್ತಾರೆ? ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಂದೆ. ಇನ್ನೊಮ್ಮೆ ಹೇಳಿಸಿಕೊಂಡರು. ಪುಸ್ತಕದಿಂದ ತಲೆ ಎತ್ತದೆ ಹೇಳಿದೆ.

ಕೈಯ ನಾಳ ಇನ್ನೂ ಸಣ್ಣದಿದೆ, ಎರಡು ತಿಂಗಳು ಬೇಕಾಗಬಹುದು ಎಂದರು ಡಾಕ್ಟರ್.

ಜುಲೈ 1, ಮಂಗಳವಾರ

ಸ್ಕೂಲಿನಲ್ಲಿ ಟಿ.ಸಿ. ಕೆಲಸ, ಬರುವುದು ತಡವಾಯಿತು. ಬಚ್ಚಲೆಲ್ಲ ಒದ್ದೆ. ನೀರು ತುಂಬಿಸಿಟ್ಟಿದ್ದ ನೀಲಿ ಡ್ರಮ್ಮು ಅರ್ಧ ಖಾಲಿ. ಕಾಲು ತೊಳೆದುಕೊಂಡೆ ಎಂದರು ಅತ್ತೆ. ಸೆರಗು ತಲೆಯ ಮೇಲೆ ಬಿಗಿಯಾಗಿತ್ತು. ಖುಷಿಯಾಗಿದ್ದರು. ಇನ್ನೊಂದು ತುತ್ತು ಅನ್ನ ಕೇಳಿ ಹಾಕಿಸಿಕೊಂಡರು. ನಾನೂ ಖುಷಿಪಟ್ಟೆ.

ಜುಲೈ 3, ಗುರುವಾರ

ಮೆಷಿನ್ ಹಾಕಿದ ಸ್ವಲ್ಪ ಹೊತ್ತಿಗೇ ನಡುಕ. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ಮಹೇಶ್ ಮೆಷಿನ್ ನಿಲ್ಲಿಸಿ ಡಾಕ್ಟರನ್ನು ಕರೆದ. ರಕ್ತಕ್ಕೆ ಸೋಂಕು. ಅಡ್ಮಿಟ್.

ಪೈಪಿಗೆ ನೀರು ತಾಗಿತ್ತಾ ಆಂಟಿ ಎಂದು ಮಹೇಶ್ ಕೇಳಿದ. ಇಲ್ಲ ಎಂದೆ. ಖಚಿತವಾಗಿ ಹೇಳಿದೆ. ಹೇಳುವಾಗಲೇ ಬಚ್ಚಲು ಕಣ್ಣೆದುರು ಬಂತು.

ಜುಲೈ 4, ಶುಕ್ರವಾರ

ಜ್ವರ ಇಳಿದಾಗ ಅತ್ತೆಯೇ ಹೇಳಿದರು. ನಾನು ಆಫೀಸಿಗೆ ಹೋದ ಮೇಲೆ ಬಚ್ಚಲಲ್ಲಿ ಸ್ಟೂಲ್ ಹಾಕಿಕೊಂಡು, ಡ್ರಮ್ಮಿನಿಂದ ತಂಬಿಗೆ ತಂಬಿಗೆ ತಲೆಯ ಮೇಲೆ ಸುರಿದುಕೊಂಡರಂತೆ. ಆಮೇಲೆ ಸಾಲದೆನಿಸಿತಂತೆ. ಡ್ರಮ್ಮಿನ ಅಂಚು ಹಿಡಿದು, ಬಗ್ಗಿ, ತಲೆಯನ್ನು ಭುಜದವರೆಗೆ ಮುಳುಗಿಸಿದರಂತೆ. ನಾನು ಹೇಳಿಕೊಟ್ಟ ಹೆಸರುಗಳನ್ನು ಹೇಳಿ.

‘ಪೂರ್ತಿ ಮುಳಗೀನಿ ಸುವರ್ಣಾ. ಕಾಂತರಾಜಣ್ಣಗ ಹೇಳು. ಈ ಐತವಾರ ಕೊಡ್ಲಿ.’

ಮಹೇಶನನ್ನು ಹುಡುಕಿಕೊಂಡು ಹೋಗಿ ಹೇಳಿದೆ — ತಾಗಿತ್ತು ಎಂದು. ಅವನು ಡಾಕ್ಟರಿಗೆ ತಿಳಿಸಿದ. ಆ ಪೈಪು ತೆಗೆದು ಇನ್ನೊಂದು ಕಡೆ ಹಾಕಿದರು.

ಜುಲೈ 5, ಶನಿವಾರ

ಕಾಂತರಾಜು ಬ್ರದರ್ ಪ್ರಾರ್ಥನೆಗೆ ಬಂದಿದ್ದರು. ಹೊರಗೆ ಲಿಫ್ಟಿನ ಹತ್ತಿರ ಎಲ್ಲ ಹೇಳಿದೆ. ಗೋಡೆಗೆ ಒರಗಿ ನಿಂತರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾಳೆ ಅವರಿಗೆ ರೊಟ್ಟಿ ತಂದುಕೊಡುತ್ತೀರಾ ಎಂದೆ.

ಕನ್ನಡಕ ಕೈಯಲ್ಲೇ ಇತ್ತು.

‘ಸ್ನಾನ ಕೊಡೋರು ಒಬ್ರು ಇರ್ಬೇಕು ಸಿಸ್ಟರ್. ತಾನೇ ತಗೊಳ್ಳೋದಲ್ಲ ಅದು. ನಂಗೂ ಸಂಕಟ ಆಗುತ್ತೆ... ಹಿರಿಯರೆಲ್ಲ ಕೂತು ಮಾತಾಡ್ಬೇಕು.’

ಅಷ್ಟು ಹೊತ್ತು ಅಳುತ್ತಿದ್ದ ಮನುಷ್ಯ. ಅಳುತ್ತಲೇ ಹೇಳಿದರು.

ಸಂಜೆ ಮನೆಗೆ ಬಂದು ಹಿಟ್ಟು ಕಲಸಿದೆ. ಒಂದೇ ರೊಟ್ಟಿ. ಕಲೆ ಬಿತ್ತು. ಎರಡನೆಯದಕ್ಕೆ ಕೈ ಬರಲಿಲ್ಲ. ನಾಳೆ ಮೇಜಿಗೆ ಬೇರೆ ಯಾರಾದರೂ ತರಲಿ ಎಂದು ಫೋನ್ ಮಾಡಿ ತಿಳಿಸಿದೆ.

ಜುಲೈ 6, ಭಾನುವಾರ

ಸಭೆಗೆ ಹೋಗಲಿಲ್ಲ. ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲೇ ಸುತ್ತಿ ಆಸ್ಪತ್ರೆಗೆ ಒಯ್ದೆ. ಒಂದು ಚೂರು ಕೊಡಬಹುದೇ ಎಂದು ನರ್ಸನ್ನು ಕೇಳಿದೆ. ನೀರಿನಲ್ಲಿ ನೆನೆಸಿ ಕೊಡಿ ಎಂದಳು. ಅಷ್ಟೇ. ಬೇರೇನೂ ಕೇಳಲಿಲ್ಲ ಅವಳು.

ಅತ್ತೆ ಸೆರಗು ಹುಡುಕಿದರು, ತಲೆಗೆ ಹೊದೆಯಲು. ಆಸ್ಪತ್ರೆಯ ಅಂಗಿಗೆ ಸೆರಗೆಲ್ಲಿ. ಟವೆಲ್ ಹೊದಿಸಿದೆ. ಏನು ಹೇಳಬೇಕೋ ತಿಳಿಯಲಿಲ್ಲ. ಸಭೆಯಲ್ಲಿ ಹೆಂಗಸರು ಬಾಯಿ ತೆರೆದು ಪ್ರಾರ್ಥಿಸುವುದಿಲ್ಲ. ಇದು ನಿಮಗಾಗಿ ಅತ್ತೆ ಎಂದೆ. ಚಮಚದಲ್ಲಿ ಬಾಯಿಗಿಟ್ಟೆ.

ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಇಟ್ಟುಕೊಂಡೇ ಇದ್ದರು. ಆಮೇಲೆ ಕಣ್ಣು ತೆರೆದರು.

‘ಇದು ಶನಿವಾರದ್ದ ಐತಲ್ಲ.’

ಹೌದು, ಅದೇ ಎಂದೆ.

‘ಮೇಜಿಂದು?’

ಅದೂ ಇದೇ ಹಿಟ್ಟು ಅತ್ತೆ ಎಂದೆ.

‘ಕಾಂತರಾಜಣ್ಣ ಒಪ್ಪಿದನ? ನಾ ಮುಳಗಿದ್ದು ಲೆಕ್ಕಕ್ಕ ಬಂತ?’

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅವರ ಕೈ ಹಿಡಿದುಕೊಂಡು, ‘ಯಾರೂ ಒಪ್ಪಬೇಕಾಗಿರ್ಲಿಲ್ಲ ಅತ್ತೆ. ನೀರೂ ಬೇಕಾಗಿರ್ಲಿಲ್ಲ. ಸೊಪ್ಪು ಬಿಡಿಸ್ತಾ ನಂಬೀನಿ ಅಂದ್ರಲ್ಲ, ಅವತ್ತೇ ನಿಮ್ಮದಾಗಿತ್ತು’ ಎಂದೆ. ಹೇಳುತ್ತಿರುವಾಗ ನನಗೇ ಗೊತ್ತಾಯಿತು, ಇದು ಈಗ ಹೊಳೆದದ್ದಲ್ಲ.

ಅತ್ತೆ ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ. ಗ್ಯಾಸ್ ಮುಗಿದದ್ದನ್ನು ಯಾಕೆ ಹೇಳಲಿಲ್ಲ ಎಂದು ಕೇಳುವ ಹಾಗೆ ಕೇಳಿದರು.

‘ಹಂಗಾರ ಮದ್ಲ ಯಾಕ ಹೇಳ್ಲಿಲ್ಲವಾ?’

ಜುಲೈ 7, ಸೋಮವಾರ

ಐಸಿಯುಗೆ ಹಾಕಿದರು. ಬಿ.ಪಿ. ನಿಲ್ಲುತ್ತಿಲ್ಲ. ಬಾಳೇಶ ಬೆಂಚಿನ ಮೇಲೆ, ನಾನು ಪಕ್ಕದಲ್ಲಿ. ನೀರಿನ ವಿಷಯ ಅವನಿಗೆ ಅತ್ತೆಯೇ ಹೇಳಿದ್ದಾರೆ.

‘ತಲಿ ಮುಳಗಬೇಕು ಅಂತ ನೀನ ಹೇಳಿದ್ಯೇನು?’

ಕೇಳಿದರು, ಹೇಳಿದೆ ಎಂದೆ. ಅವನು ಎದ್ದು ಬೇರೆ ಬೆಂಚಿಗೆ ಹೋಗಿ ಕೂತ.

ಜುಲೈ 9, ಬುಧವಾರ

ಅತ್ತೆ ಬೆಳಿಗ್ಗೆ ಹೋದರು.

ಜುಲೈ 18, ಶುಕ್ರವಾರ

ಬರೆಯಲಾಗಿರಲಿಲ್ಲ.

ಮಣ್ಣು ಮಾಡುವಾಗ ಸಭೆಯವರೆಲ್ಲ ಬಂದಿದ್ದರು. ಚೆನ್ನಾಗಿ ಹಾಡಿದರು. ನಮ್ಮ ತಾಯಿ ಲಕ್ಷ್ಮವ್ವ ಈಗ ಕರ್ತನ ಮೇಜಿನಲ್ಲೇ ಕೂತಿದ್ದಾರೆ ಎಂದರು ಕಾಂತರಾಜು ಬ್ರದರ್. ನಂಬಿಯೇ ಹೇಳಿದರು. ನಾನೂ ನಂಬುತ್ತೇನೆ. ಹಾಗಾದರೆ ಬ್ಯಾಡರಹಳ್ಳಿಯ ಮೇಜಿಗೆ ಏನಾಗಿತ್ತು — ಕೇಳಲಿಲ್ಲ. ಕೇಳುವವಳಲ್ಲ ಎಂದು ಇಲ್ಲೇ ಹಿಂದೆ ಬರೆದುಕೊಂಡಿದ್ದೇನೆ.

ಪುಸ್ತಕ ವಾಪಸ್ ಮಾಡಿದೆ. ಕೊನೆಯ ಭಾಗ ಓದಲಿಲ್ಲ. ಆ ಊರಿನಲ್ಲಿ ಯಾರೂ ಮಾತಾಡದಿರುವುದು ಈಗ ಹಿತವಾಗಿಲ್ಲ.

ಇನ್ನು ನಾನು ಮೇಜಿನ ರೊಟ್ಟಿ ಮುಟ್ಟಬಾರದು ಎಂದುಕೊಂಡಿದ್ದೆ. ಒಂದು ವರ್ಷ. ಶುಕ್ರವಾರ ಪೂರ್ತಿ ಉಪವಾಸ. ಇವತ್ತು ಮಧ್ಯಾಹ್ನದವರೆಗೆ ಮಾಡಿದೆ ಕೂಡ. ಅತ್ತೆಯ ಬಳೆಯ ಡಬ್ಬಿ ಕೈಗೆ ಸಿಕ್ಕಿತು. ಹಸಿರು ಗಾಜಿನವು. ಏನು ಕಡಿಮೆ ಬಿದ್ದಿದೆ ಹೇಳು ಎಂದು ಕೇಳಿ ತೆಗೆದಿಟ್ಟದ್ದು. ನಾನೂ ಅದನ್ನೇ ಮಾಡುತ್ತಿದ್ದೇನೆ. ತೆಗೆದಿಟ್ಟು, ಬಿಟ್ಟು, ಹಸಿದು, ತಪ್ಪಿನ ಸಾಲ ತೀರಿಸುತ್ತೇನೆ ಎಂದುಕೊಂಡು.

ಅನ್ನಕ್ಕೆ ಮೊಸರು ಕಲಸಿಕೊಂಡು ತಿಂದೆ. ಏನನ್ನೂ ತೀರಿಸದೆ ತಿನ್ನುವುದು ಉಪವಾಸಕ್ಕಿಂತ ಕಷ್ಟ.

ಜುಲೈ 19, ಶನಿವಾರ

ಸ್ಟೂಲ್ ಅಡುಗೆಮನೆಯ ಬಾಗಿಲಲ್ಲೇ ಇದೆ. ಇಬ್ಬರೂ ದಾಟಿಕೊಂಡು ಓಡಾಡುತ್ತೇವೆ.

ಹಿಟ್ಟು ಕಲಸಿದೆ. ಬಾಳೇಶ ಬಂದು ನಿಂತ. ಹತ್ತು ದಿನಗಳ ಮೇಲೆ ಮೊದಲ ಮಾತು. ಇನ್ನೂ ಆ ಸಭೆಯವರಿಗೆ ಮಾಡಿಕೊಡುತ್ತೀಯಾ ಎಂದ. ಮೊದಲನೆಯದು ತವಾದ ಮೇಲಿತ್ತು. ನೋಡುತ್ತಿದ್ದಂತೆ ಕಲೆ ಬಿತ್ತು. ತೆಗೆದು ತಟ್ಟೆಗೆ ಹಾಕಿದೆ. ಅವನು ಸ್ಟೂಲಿನ ಮೇಲೆ ಕೂತ. ಅಂಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ತುಂಬ ಹೊತ್ತು ಜಗಿದ.

‘ಉಪ್ಪಿಲ್ಲ’ ಎಂದ. ಎದ್ದು ಹೋದ. ಹೋಗುವಾಗ ಅಳುತ್ತಿದ್ದ.

ಜುಲೈ 20, ಭಾನುವಾರ, ಬೆಳಿಗ್ಗೆ

ಆಟೋ ಬುಕ್ ಆಗಿದೆ.

ಹಿಂದಿನ ಬೆಂಚಿನಲ್ಲಿ ಈಗ ಇಬ್ಬರಿದ್ದಾರೆ. ಡೆಲಿವರಿ ಗಾಡಿ ಕೆಳಗೆ ನಿಲ್ಲಿಸಿ ಬರುವ ಗಿರಿರಾಜ್, ಹಾಸ್ಟೆಲಿನಿಂದ ಬರುವ ಕವನಾ. ಕವನಾಳ ಮನೆಯಲ್ಲಿ ಗೊತ್ತಿಲ್ಲ. ಸ್ನಾನಕ್ಕೆ ಇನ್ನೂ ಧೈರ್ಯ ಬಂದಿಲ್ಲ ಅವಳಿಗೆ. ತಟ್ಟೆ ಹೋಗುವಾಗ ಅವಳು ತಲೆ ತಗ್ಗಿಸುತ್ತಾಳೆ. ಇಷ್ಟು ದಿನ ನೋಡಿದ್ದೇನೆ, ಗಮನಿಸಿರಲಿಲ್ಲ.

ನಾನು ಇವತ್ತು ಮುಂದೆ ಕೂರುವುದಿಲ್ಲ. ಅವಳ ಪಕ್ಕದಲ್ಲಿ ಕೂರುತ್ತೇನೆ. ಕಾಂತರಾಜು ಬ್ರದರ್ ಮೇಲೆ ಸಿಟ್ಟಿಲ್ಲ. ಕೇಳಿದರೆ ಮೆಲ್ಲಗೆ ಹೇಳಬೇಕು, ಮೊದಲೇ ಹೇಳಬೇಕಾಗಿದ್ದದ್ದನ್ನು. ಧ್ವನಿ ನಡುಗಬಹುದು. ನಡುಗಲಿ.

ಎರಡು ರೊಟ್ಟಿ ಒಯ್ಯುತ್ತಿದ್ದೇನೆ. ಒಂದು ಡಬ್ಬಿಯಲ್ಲಿ, ಬಿಳಿ ಬಟ್ಟೆಯಲ್ಲಿ, ಮೇಜಿಗೆ. ಬಾಳೇಶ ಅಂಚು ಮುರಿದ, ಕಲೆ ಬಿದ್ದದ್ದು ನನ್ನ ಬ್ಯಾಗಿನಲ್ಲಿ. ಹಿಂದಿನ ಬೆಂಚಿಗೆ ತಟ್ಟೆ ಬಾರದಿದ್ದರೆ ಇದನ್ನೇ ಮುರಿದು ಅವರಿಬ್ಬರಿಗೆ ಕೊಡುತ್ತೇನೆ.