ಎರಡು ಗ್ರಾಮ್ ತೂಕ

ಉಪ್ಪಿನಬೆಟಗೇರಿ,
ಮಂಗಳವಾರ

ಕೇಶ್ವಾಪುರದ ಶಾಹಿದ ಅವರಿಗೆ,

ನೀವು ಕಳಿಸಿದ ರೆಕಾರ್ಡ್ ಪ್ಲೇಯರ್ ಮುಟ್ಟೇತಿ. ನನ್ನ ಮಗಳು ಸೌಮ್ಯಾ ನಿಮ್ಮನ್ನ ಲಗ್ನಾ ಆಗಿ ಎರಡು ವರ್ಷಾತು. ನಿಮಗ ನಾ ಬರಿಯೋ ಮೊದಲನೇ ಪತ್ರ ಇದು.

ನಿಮ್ಮ ಚೀಟ್ಯಾಗ ಇದ್ದಂಗ ಮಾಡೇನಿ. ತಾಟಿನ್ಯಾಗ ನೀರು ಹಾಕಿಟ್ಟು ಟೇಬಲ್ ಮಟ್ಟಸ ಐತೇನು ನೋಡಿದೆ. ಒಂದು ಕಾಲು ಗಿಡ್ಡ ಇತ್ತು, ರಟ್ಟಿನ ತುಂಡು ಇಟ್ಟೆ. ಮುಳ್ಳಿನ ತೋಳಿನ ಹಿಂದಿನ ತೂಕ ಮಾತ್ರ ಬಗಿಹರೀವಲ್ದು. ರೆಕಾರ್ಡಿನ ಮ್ಯಾಲೆ ಮುಳ್ಳಿನ ಭಾರ ಎರಡೇ ಗ್ರಾಮ್ ಇರಬೇಕಂತ ಬರದೀರಿ. ಜನ್ಮೆಲ್ಲಾ ಹತ್ತಿ ಅಂಡಿಗಿ ತೂಗಿದ ಕೈಗೆ ನಿಮ್ಮ ಎರಡು ಗ್ರಾಮ್ ಹೆಂಗ ತಿಳೀಬೇಕು?

ಅದರಾಗ ನಮ್ಮ ಮನಿಯಾಕಿ ಮುರಿಗೆವ್ವ ಮುಳ್ಳಿನ ತಲಿಗೆ ಮೂರು ಬೆರಳು ವಿಭೂತಿ ಹಚ್ಚಿಬಿಟ್ಟಳು. ಬೂದಿ ಉದುರಿ ಹಾಡೆಲ್ಲಾ ಕರಕರ ಅನ್ನಾಕತ್ತೇತಿ. ಬೈದೆ. ಅದಕ್ಕಾಕಿ, "ಮನಿಗೆ ಬಂದದ್ದಕ್ಕ ಹಚ್ಚಬಾರ್ದೇನ್ರಿ? ಯಂತ್ರ ಒಳಗ ಬಂತು, ಕೊಟ್ಟವ್ರು ಯಾಕ ಇನ್ನೂ ಹೊರಗ?" ಅಂದ್ಲು. ಆಗಲೇ ಈ ಪತ್ರ ಬರಿಯಾಕ ಕುಂತೆ.

ಐತವಾರ ಸೌಮ್ಯಾನ ಕರಕೊಂಡು ಬರ್ರಿ. ಮುಳ್ಳು ಸ್ವಚ್ಛ ಮಾಡೋ ಬ್ರಶ್ ಮರೀಬ್ಯಾಡ್ರಿ. ಊಟಾ ಇಲ್ಲೇ. ಅಲ್ಲಿತನಾ ಯಂತ್ರಾನ ನಾ ಮುಟ್ಟಂಗಿಲ್ಲ, ಯಾರಿಗೂ ಮುಟ್ಟಗೊಡಂಗಿಲ್ಲ.

ನಿಮ್ಮ ಮಾವ,
ಬಸವಪ್ರಭು