ನಿಮ್ಮವರ ಎಡಗಾಲಿನ ತಪ್ಪು, ನನ್ನ ಬಲಗಾಲಿಗೆ ಶಿಕ್ಷೆ

ವಾಹನ ಪರವಾನಗಿ ಕಚೇರಿಯ ಮುಖ್ಯ ಅಧಿಕಾರಿಗಳಾದ ಮಾನ್ಯರೇ,

ಕಳೆದ ಸೋಮವಾರ ನಿಮ್ಮ ಕಚೇರಿಯ ಕಾಂಪೌಂಡ್ ಗೋಡೆಗೆ ಕಾರು ಗುದ್ದಿಸಿದವರು ನಿಮ್ಮದೇ ಪರೀಕ್ಷಕರು; ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾದವಳು ನಾನು. ಇದನ್ನು ಓದಿದವರು ನಡುವೆ ಎಲ್ಲೋ ಮುದ್ರಣದೋಷವಾಗಿದೆ ಎಂದುಕೊಳ್ಳಬಹುದು. ಈ ಬಹಿರಂಗ ಪತ್ರವನ್ನು ಅಚ್ಚು ಹಾಕುತ್ತಿರುವ ಪತ್ರಿಕೆಯ ಸಂಪಾದಕರೂ ಹಾಗೇ ಅಂದುಕೊಂಡು ಫೋನ್ ಮಾಡಿದ್ದರು. ದೋಷವೇನೂ ಇಲ್ಲ. ಗುದ್ದಿದ್ದು ಅವರು, ಫೇಲಾದದ್ದು ನಾನು. ಈ ನ್ಯಾಯವನ್ನು ಅರ್ಥ ಮಾಡಿಕೊಳ್ಳುವಷ್ಟು ಬುದ್ಧಿ ನನಗಿಲ್ಲವಾದ್ದರಿಂದ ನಾಲ್ಕು ಜನರ ಎದುರಿಗೇ ಕೇಳುತ್ತಿದ್ದೇನೆ.

ಮೊದಲು ನನ್ನ ಕಾಲುಗಳ ಪರಿಚಯ. ಎಡಗಾಲು ಗಟ್ಟಿಮುಟ್ಟು, ದುಡಿಮೆಯ ಸ್ವಭಾವದ್ದು. ಬಲಗಾಲಿಗೆ ಎಳವೆಯಲ್ಲೇ ಪೋಲಿಯೊ ಬಡಿಯಿತು. ಅಂದಿನಿಂದ ಅದು ಬೀಗರ ಮನೆಯ ದೊಡ್ಡಪ್ಪನಂತೆ ಹೋದಲ್ಲೆಲ್ಲ ಜೊತೆಗೆ ಬರುತ್ತದೆ, ಒಂದು ಕೆಲಸಕ್ಕೂ ಆಗುವುದಿಲ್ಲ. ಆದ್ದರಿಂದ ಕ್ಲಚ್ಚಿನ ಗೊಡವೆಯಿಲ್ಲದ ಆಟೊಮ್ಯಾಟಿಕ್ ಕಾರು ಕೊಂಡು, ಬ್ರೇಕಿನ ಬಲಗಡೆ ಇರುವ ಆಕ್ಸಿಲರೇಟರನ್ನು ಮೆಕ್ಯಾನಿಕ್ಕಿನಿಂದ ಎಡಗಡೆಗೆ ಹಾಕಿಸಿಕೊಂಡೆ. ಓಡಿಸುವುದೂ ಎಡಗಾಲೇ, ನಿಲ್ಲಿಸುವುದೂ ಎಡಗಾಲೇ. ಬಲಗಾಲು ಸುಮ್ಮನೆ ಕೂತು ಸವಾರಿ ಮಾಡುತ್ತದೆ. ಹೀಗೆ ಮಾಡಿಸಬಹುದೇ ಎಂದು ನಿಮ್ಮ ಕಚೇರಿಯಲ್ಲೇ ಕೇಳಿ, ‘ಧಾರಾಳವಾಗಿ’ ಎಂದು ಹೇಳಿಸಿಕೊಂಡ ಮೇಲೆಯೇ ಮಾಡಿಸಿದ್ದು.

ಇಷ್ಟು ಕಷ್ಟಪಟ್ಟು ಈಕೆ ಎಲ್ಲಿಗೆ ಹೋಗಬೇಕಂತೆ ಎಂದು ತಾವು ಕೇಳಬಹುದು. ನಿಮ್ಮ ಕೌಂಟರಿನವರು ಕೇಳಿಯೇಬಿಟ್ಟರು: “ಮನೇಲಿ ಯಾರೂ ಕರ್ಕೊಂಡು ಹೋಗೋರು ಇಲ್ವೇನಮ್ಮಾ?” ಇದ್ದಾರೆ ಸ್ವಾಮಿ. ಅದೇ ತೊಂದರೆ.

ನಾನು ಮದುಮಗಳಿಗೆ ಅಲಂಕಾರ ಮಾಡುವವಳು. ಮುಹೂರ್ತ ಎಷ್ಟೊತ್ತಿಗೇ ಇರಲಿ, ಬೆಳಕು ಹರಿಯುವ ಮೊದಲೇ ನನ್ನ ಪೆಟ್ಟಿಗೆ ಮದುವೆಮನೆಯಲ್ಲಿ ತೆರೆದಿರಬೇಕು. ಆ ಹೊತ್ತಿಗೆ ಬಸ್ಸುಗಳು ಎದ್ದಿರುವುದಿಲ್ಲ. ನನ್ನ ಗಂಡನಿಗೆ ಬೇಕರಿಯಲ್ಲಿ ರಾತ್ರಿ ಪಾಳಿ. ನಾನು ಹೊರಡುವಾಗ ಅವರು ಇನ್ನೂ ಒಲೆಯ ಮುಂದೆ ಬೇಯುತ್ತಿರುತ್ತಾರೆ. ಹೀಗಾಗಿ ಇಷ್ಟು ವರ್ಷ ನನ್ನನ್ನು ಮಾವನ ಕಾಲದ ಹಳೆಯ ಗೇರಿನ ಕಾರಿನಲ್ಲಿ ಕರೆದೊಯ್ದವರು ನನ್ನ ಅತ್ತೆ. ಎಪ್ಪತ್ತು ದಾಟಿದವರು. ಎರಡೂ ಕಣ್ಣಿಗೆ ಪೊರೆ. ಎರಡೂ ಕಾಲು ಗಟ್ಟಿ. ಹೋದ ವರ್ಷ ನಿಮ್ಮ ಕಚೇರಿ ಇವರ ಲೈಸೆನ್ಸನ್ನು ನವೀಕರಿಸಿ, ನಗುನಗುತ್ತಾ ಕೈಗಿತ್ತು ಕಳಿಸಿತು. ನಮ್ಮ ಮುಂಜಾವಿನ ಪ್ರಯಾಣದ ಒಂದು ತುಣುಕನ್ನು, ಅತ್ತೆಯ ಒಪ್ಪಿಗೆ ಪಡೆದೇ, ತಮ್ಮ ಅವಗಾಹನೆಗೆ ತರುತ್ತಿದ್ದೇನೆ:

“ಮುಂದೆ ಏನೋ ದೊಡ್ಡದು ಬೆಳ್ಳಗೆ ಕಾಣ್ತಾ ಇದೆಯಲ್ಲೇ, ಲಾರಿನಾ, ಬಿಲ್ಡಿಂಗಾ?”

“ಲಾರಿ ಅತ್ತೆ!”

“ನಿಂತಿದೆಯೋ, ಬರ್ತಾ ಇದೆಯೋ?”

“ಬರ್ತಾ ಇದೆ, ಬರ್ತಾ ಇದೆ!”

“ಹಾಗಾದ್ರೆ ಲಾರಿನೇ ಬಿಡು.”

ಈಗ ಕಣ್ಣಿನ ಡಾಕ್ಟರು ಮುಂದಿನ ತಿಂಗಳು ಆಪರೇಷನ್ ಎಂದಿದ್ದಾರೆ. ಇನ್ನು ಸ್ಟೀರಿಂಗ್ ಮುಟ್ಟಕೂಡದು ಎಂದೂ ಗದರಿದ್ದಾರೆ. ಮದುವೆಗಳು ಸಾಲುಗಟ್ಟಿ ಶುರುವಾಗುವುದೂ ಆಗಲೇ. ಬಾಡಿಗೆ ಕಾರನ್ನು ನಂಬಿ ಕೂತ ಒಂದು ಮುಂಜಾನೆ ಚಾಲಕ ಫೋನೇ ಎತ್ತಲಿಲ್ಲ. ಮದುಮಗಳು ಚಿಕ್ಕಮ್ಮನ ಕೈಯಲ್ಲಿ ಪೌಡರ್ ಬಳಿಸಿಕೊಂಡು ಮಂಟಪಕ್ಕೆ ಹೋದಳು. ಆ ಮದುವೆಯ ಫೋಟೊ ನೋಡಿದವರು ಇಂದಿಗೂ ನನ್ನನ್ನು ಬೈಯುತ್ತಾರೆ. ಆಮೇಲಿಂದ ಫೋನ್ ಬಂದರೆ ಮೊದಲ ಪ್ರಶ್ನೆ, “ಅಕ್ಕಾ, ಬರೋದು ಗ್ಯಾರಂಟಿ ತಾನೇ? ಇಲ್ಲಾಂದ್ರೆ ಈಗಲೇ ಹೇಳ್ಬಿಡಿ, ಬೇರೆಯವರನ್ನ ನೋಡ್ಕೋತೀವಿ.” ನನ್ನ ಲೈಸೆನ್ಸು ನನ್ನ ಅನ್ನ ಎಂಬುದು ತಮಗೆ ಈಗಲಾದರೂ ಹೊಳೆದಿರಬಹುದು.

ಇನ್ನು ಪರೀಕ್ಷೆಯ ದಿನಕ್ಕೆ ಬರುತ್ತೇನೆ. ಪರೀಕ್ಷಕರು ಪಕ್ಕದಲ್ಲಿ ಕೂತರು. ಎಂಟರ ಆಕಾರದಲ್ಲಿ ಓಡಿಸು ಎಂದರು, ಓಡಿಸಿದೆ. ದಿಬ್ಬದ ಮೇಲೆ ನಿಲ್ಲಿಸಿ ಮತ್ತೆ ಹೊರಡು ಎಂದರು. ಹಿಂದಕ್ಕೆ ಒಂದು ಕೂದಲಿನಷ್ಟೂ ಜಾರದೆ ಹೊರಟೆ. ಹಿಮ್ಮುಖವಾಗಿ ಎರಡು ಕಂಬಗಳ ನಡುವೆ ನುಗ್ಗಿಸಿದೆ. ಅವರ ಮುಖದಲ್ಲಿ ನಿರಾಸೆ ಎದ್ದು ಕಾಣುತ್ತಿತ್ತು. ಮುಖಗಳನ್ನು ಓದುವುದು ನನ್ನ ಕಸುಬು. ಕೊನೆಗೆ ಹೇಳಿದರು: “ನೀನೇನೋ ಓಡಿಸ್ದೆ. ಗಾಡಿ ಸರಿಯಿದೆಯೋ ಇಲ್ವೋ ಅಂತ ನಾನೇ ಒಂದು ರೌಂಡ್ ಹಾಕಿ ನೋಡ್ಬೇಕು. ಇಳಿ.”

ಇಳಿದೆ. ಇಳಿಯುವಾಗಲೇ ಹೇಳಿದೆ. “ಸರ್, ಎಡಗಡೆ ಇರೋದು ಕ್ಲಚ್ ಅಲ್ಲ, ಆಕ್ಸಿಲರೇಟರ್. ಬಲಗಡೆ ಇರೋದೇ ಬ್ರೇಕು.”

“ನೀನು ಹುಟ್ಟೋಕೆ ಮುಂಚೆ ಸ್ಟೀರಿಂಗ್ ಹಿಡಿದವನು ನಾನು. ನನಗೇ ಹೇಳಿಕೊಡ್ತೀಯಾ?”

ಹೊರಟರು. ಚೆನ್ನಾಗಿಯೇ ಹೊರಟರು. ಗೋಡೆಯ ಹತ್ತಿರ ತಿರುವು ಬಂದಾಗ ವೇಗ ತಗ್ಗಿಸಬೇಕಾಯಿತು. ಇಷ್ಟು ವರ್ಷ ಗೇರಿನ ಗಾಡಿ ಓಡಿಸಿದ ಎಡಗಾಲು, ಯಜಮಾನರನ್ನು ಕೇಳದೆಯೇ, ಇಲ್ಲದ ಕ್ಲಚ್ಚನ್ನು ಒತ್ತಿತು. ಕಾರು ಚಂಗನೆ ಮುಂದಕ್ಕೆ ನೆಗೆಯಿತು. ಗಾಬರಿಯಾದ ಮನುಷ್ಯ ಕ್ಲಚ್ಚನ್ನು ಇನ್ನೂ ಬಲವಾಗಿ ಒತ್ತುವುದು ಸಹಜ; ಒತ್ತಿದರು. ಮುಂದಿನದು ಗೋಡೆಯ ಕೆಲಸ.

ದೇವರ ದಯೆ, ಯಾರಿಗೂ ಏಟಾಗಲಿಲ್ಲ. ಬಂಪರ್ ಮಾತ್ರ ಹಲ್ಲು ಬಿಟ್ಟುಕೊಂಡಿತು. ಬೆಂಚಿನ ಮೇಲೆ ಕೂತಿದ್ದ ನನ್ನ ಅತ್ತೆ ಸದ್ದು ಕೇಳಿ ತಡವರಿಸುತ್ತಾ ಬಂದು, ಕಾರಿನಿಂದ ಇಳಿಯುತ್ತಿದ್ದ ಪರೀಕ್ಷಕರಿಗೆ ಅಪಾರ ಕನಿಕರದಿಂದ ಹೇಳಿದರು: “ನಿಮಗೂ ಪೊರೆ ಬಂದಿದೆಯೇನಪ್ಪಾ? ನಮ್ಮ ಡಾಕ್ಟರು ತುಂಬಾ ಒಳ್ಳೆಯವರು, ಒಂದ್ಸಲ ತೋರಿಸ್ಕೊಳ್ಳಿ.” ಅವರು ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು: “ನೋಡಿದ್ಯಾ? ಇದಕ್ಕೇ ಹೇಳೋದು. ಇಂಥ ಗಾಡಿ ಅಪಾಯ. ಫೇಲ್!”

ಮಾನ್ಯರೇ, ನನ್ನ ಅಳತೆಗೆ ಹೊಲಿಸಿದ ರವಿಕೆಯನ್ನು ತಾವು ತೊಟ್ಟು ನೋಡಿ, ಉಸಿರು ಕಟ್ಟುತ್ತಿದೆ, ಆದ್ದರಿಂದ ಈಕೆಗೂ ಆಗುವುದಿಲ್ಲ ಎಂದು ತೀರ್ಮಾನಿಸುತ್ತೀರಾ? ಆ ಕಾರು ನಿಮ್ಮ ಪರೀಕ್ಷಕರಿಗೆ ಅಪಾಯಕಾರಿ ಎಂಬುದನ್ನು ನಾನು ತುಂಬುಹೃದಯದಿಂದ ಒಪ್ಪುತ್ತೇನೆ. ಬೇಕಿದ್ದರೆ ಅವರಿಗೆ ಅದನ್ನು ಓಡಿಸದಂತೆ ಆಜ್ಞೆ ಮಾಡಿ, ಸ್ವಾಗತಿಸುತ್ತೇನೆ. ಆದರೆ ಅದು ನನಗೂ ಅಪಾಯಕಾರಿ ಎಂದು ಯಾವ ಕಾಲು ಸಾಕ್ಷಿ ಹೇಳಿತು? ನಾನು ಓಡಿಸಿದಷ್ಟು ಹೊತ್ತೂ ಗೋಡೆ ತನ್ನ ಪಾಡಿಗೆ ನಿಂತಿತ್ತಲ್ಲ?

ಇದನ್ನು ತಮಾಷೆಯಾಗಿ ಬರೆಯುತ್ತಿದ್ದೇನೆ, ಏಕೆಂದರೆ ಅಳುತ್ತಾ ಬರೆದರೆ ತಾವು ‘ಪಾಪ’ ಎನ್ನುತ್ತೀರಿ. ಆ ಪದವನ್ನು ಮೂರನೇ ವಯಸ್ಸಿನಿಂದ ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿದೆ. ಪಾಪ ಎಂದವರು ಯಾರೂ ಇದುವರೆಗೆ ಮುಂಜಾವಿನಲ್ಲಿ ಎದ್ದು ನನ್ನನ್ನು ಮದುವೆಮನೆಗೆ ಬಿಟ್ಟುಬಂದಿಲ್ಲ. ನನಗೆ ಕರುಣೆ ಬೇಡ, ರಿಯಾಯಿತಿ ಬೇಡ, ಎಂಟರ ಬದಲು ಸೊನ್ನೆ ಸುತ್ತಿದರೆ ಸಾಕು ಎಂಬ ಔದಾರ್ಯವೂ ಬೇಡ.

ನನ್ನ ಬೇಡಿಕೆ ಇಷ್ಟೇ. ಅತ್ತೆಯ ಆಪರೇಷನ್ನಿಗೆ ಮೊದಲು ನನಗೆ ಮರುಪರೀಕ್ಷೆ ಇಡಿ. ಅದೇ ದಿಬ್ಬ, ಅದೇ ಕಂಬಗಳು, ಇನ್ನೂ ಕಷ್ಟದ್ದು ಏನಾದರೂ ಇದ್ದರೆ ಅದೂ ಇರಲಿ. ತಾವೇ ಬಂದು ಪಕ್ಕದಲ್ಲಿ ಕೂರಿ. ಕಾಲು ಮಡಚಿಕೊಂಡು ಕೂತರೆ ಇನ್ನೂ ಒಳ್ಳೆಯದು. ತಪ್ಪು ಮಾಡಿದರೆ ಮುಲಾಜಿಲ್ಲದೆ ಫೇಲ್ ಮಾಡಿ, ತುಟಿ ಪಿಟಕ್ಕೆನ್ನದೆ ಮನೆಗೆ ಹೋಗುತ್ತೇನೆ. ಆದರೆ ಫೇಲಾಗುವುದೇ ಆದರೆ ನನ್ನ ಕಾಲಿನಿಂದ ಫೇಲಾಗುತ್ತೇನೆ ಮಾನ್ಯರೇ, ನಿಮ್ಮವರ ಕಾಲಿನಿಂದಲ್ಲ.

ಇಂತಿ,
ಗೋಡೆಗೆ ಗುದ್ದಿದಾಗ ಕಾರಿನಲ್ಲೇ ಇಲ್ಲದಿದ್ದ
ತಮ್ಮ ಅನುತ್ತೀರ್ಣ ಚಾಲಕಿ